ಷರಾ

ಬಿಸಿಯ ಲೆಕ್ಕ ಬರೆಯುವುದು ನನ್ನ ಕೆಲಸ.
ಹೋದ ವಾರ ನಂಜನಗೂಡಿನ ಕಾಗದದ ಗಿರಣಿ,
ಒಣಗಿಸುವ ಉರುಳೆಗೆ ನೂರಾ ಅರವತ್ತು.
ಮೈಸೂರಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ತೊಟ್ಟಿ,
ತೊಂಬತ್ತು ಸಾಕು.
ಅಲ್ಲಿಯ ಹೆಂಗಸರು ಮಧ್ಯಾಹ್ನ ಅದೇ ಪೈಪಿನ ಮೇಲೆ
ಬುತ್ತಿ ಬಿಸಿ ಮಾಡಿಕೊಳ್ಳುತ್ತಾರೆ.
ಅದನ್ನು ಬರೆದುಕೊಳ್ಳಲಿಲ್ಲ.

ಇಂದು ಪಾಂಡವಪುರದಾಚೆ, ನಾಲೆ ಏರಿಯ ಕೆಳಗೆ
ಸಣ್ಣತಮ್ಮೇಗೌಡರ ಆಲೆಮನೆ.
ಒಲೆಯ ಮುಂದೆ ಮಾಯಿಗಯ್ಯ, ರಚ್ಚು ನೂಕುತ್ತಾ.
ರಚ್ಚು ಹಸಿಯಾದ ದಿನ ಏನು ಹಾಕುತ್ತೀರಿ ಎಂದೆ.
ಬಾಯಿ ಬಿಡಲಿಲ್ಲ. ಗೋಡೆಯ ಕಡೆ ಗದ್ದ ಎತ್ತಿದ:
ಸೀಳಿಟ್ಟ ಲಾರಿ ಟೈರು, ಹರಿದ ಚಪ್ಪಲಿಯ ಮೂಟೆ.
ಇಪ್ಪತ್ತೆಂಟು ವರ್ಷದ ಹೊಗೆ
ಅವನ ಎದೆಯೊಳಗೆ ಏಳುತ್ತದೆ, ಕೂರುತ್ತದೆ,
ಮಾತಿನ ನಡುವೆ ತಾನೂ ಒಂದು ಮಾತಾಡುತ್ತದೆ.

ಎಷ್ಟು ಡಿಗ್ರಿಗೆ ಇಳಿಸುತ್ತೀರಿ?
ನಕ್ಕ. ಬೆರಳನ್ನು ತಣ್ಣೀರಲ್ಲಿ ಅದ್ದಿ
ಕುದಿವ ಪಾಕಕ್ಕೆ ಚುಚ್ಚಿ, ಮತ್ತೆ ನೀರಿಗಿಟ್ಟು,
ತುದಿಯಲ್ಲಿ ಕಟ್ಟಿದ ಉಂಡೆ ತೋರಿಸಿ
"ಇಷ್ಟು" ಅಂದ.
ನನ್ನ ಉಪಕರಣ ನೂರಾ ಹದಿನೆಂಟು ಅಂದಿತು.
ಇಬ್ಬರೂ ಸರಿ.

ಆಮೇಲೆ ಹೇಳಿದೆ, ಕಲಿತದ್ದನ್ನೆಲ್ಲ:
ಅಣು ಒಡೆದು ನೀರು ಕಾಯಿಸುತ್ತಾರೆ, ಕರೆಂಟಿಗೆ.
ಮೂರರಲ್ಲಿ ಎರಡು ಪಾಲು ಬಿಸಿ ಸುಮ್ಮನೆ ಹೋಗುತ್ತದೆ,
ಹಂಡೆ ಕಾಯಿಸಿ, ಒಂದು ಚೆಂಬು ಮಿಂದು,
ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದ ಹಾಗೆ.
ಕರೆಂಟಾಗುವ ಮೊದಲೇ ಒಂದಿಷ್ಟು ಆವಿ ಬಗ್ಗಿಸಿಕೊಂಡರೆ
ಕಾಗದ ಒಣಗುತ್ತದೆ, ಬೆಲ್ಲ ಕುದಿಯುತ್ತದೆ,
ಹೊಗೆಯಿಲ್ಲ, ಟೈರಿಲ್ಲ.

"ಇಸದ್ ನೀರು ಬೆಲ್ಲಕ್ ಬರಕಿಲ್ವಾ ತಾಯಿ?"
ಇಲ್ಲ. ಒಂದು ನೀರು ಇನ್ನೊಂದಕ್ಕೆ ಬಿಸಿ ದಾಟಿಸುತ್ತದೆ,
ಅದು ಮತ್ತೊಂದಕ್ಕೆ. ನಡುವೆ ಉಕ್ಕಿನ ಗೋಡೆ.
ಒಂದನ್ನೊಂದು ಮುಟ್ಟುವುದೇ ಇಲ್ಲ.

ಮಾಯಿಗಯ್ಯನ ಕೈ ನಿಂತಿತು.
"ನಮ್ಮವ್ವ ಬೆಂಕಿ ಕೇಳಕ್ ಹೋಗೋಳು,
ಕೈಲಿ ಬೋಕಿ ಬಿಲ್ಲೆ ಹಿಡ್ಕಂಡು.
ಜಗಲಿ ಮ್ಯಾಲಿಂದ ಕೆಂಡ ಉದುರ್ಸೋರು.
ಮುಟ್ದೇ ಬಿಸಿ ಕೊಡೋದು
ಈ ಊರ್ಗೇನ್ ಹೊಸ್ದಲ್ಲ ಬುಡಿ."

ಕೊಪ್ಪರಿಗೆಯಲ್ಲಿ ನೊರೆ ಉಕ್ಕಿತು,
ಬೆಂಡೆಗಿಡದ ಲೋಳೆ ಸುರಿದ, ತಗ್ಗಿತು.

"ಬೂದಿ?" ಎಂದ.
ಈ ಒಲೆಯದು ಗದ್ದೆಗೆ ಹೋಗುತ್ತದೆ, ಪಾತ್ರೆ ಉಜ್ಜಲು ಹೋಗುತ್ತದೆ.
ಆ ಒಲೆಯದು ಬೊಗಸೆಯಷ್ಟೇ,
ಆದರೆ ಅದನ್ನು ಕಾಯಬೇಕು.
ಎಷ್ಟು ತಲೆಮಾರು ಎಂದು ಕೇಳಿದ್ದಕ್ಕೆ
ನನ್ನ ಹಾಳೆಯಲ್ಲಿ ಅಷ್ಟು ಅಗಲದ ಕಾಲಮ್ಮಿರಲಿಲ್ಲ.
"ಕಟ್ಟೋದ್ ಎಲ್ಲಿ?"
ಆವಿ ಬಹಳ ದೂರ ನಡೆಯದು, ದಾರಿಯಲ್ಲೇ ಸೋತು ನೀರಾಗುತ್ತದೆ.
ಹತ್ತಿರವೇ ಎಲ್ಲಾದರೂ.
"ಯಾರ್ ಹತ್ರ?"

ಪಾಕ ಇಳಿಸುವ ಹೊತ್ತಾಗಿತ್ತು, ಬಚಾವಾದೆ.
ನಾಲ್ವರು ಕೊಪ್ಪರಿಗೆ ವಾಲಿಸಿದರು,
ಮರದ ದೋಣಿಗೆ ಬಂಗಾರದ ಕೆಸರು ಜಾರಿತು.
ಅಚ್ಚಿಗೆ ಹೋಗುವ ಮೊದಲು ಒಂದು ಉಂಡೆ
ಮಾಯಿಗಯ್ಯ ಬೆರಳಲ್ಲೇ ತೆಗೆದ.
ಎಲೆ ಹುಡುಕಲು ಅತ್ತಿತ್ತ ನೋಡಿದ.
ನಾನು ಅಂಗೈ ಚಾಚಿದೆ.
ಸುಟ್ಟಿತು. ಬಿಡಲಿಲ್ಲ.

ಮಂಡ್ಯದ ಬಸ್ಸಿನಲ್ಲಿ ಹಾಳೆ ತೆರೆದೆ.
ತಾಪ: ೧೧೮. ಇಂಧನ: ರಚ್ಚು, ಟೈರು.
ಹೊಗೆ: ಹೌದು.
ಷರಾ ಎಂದಿರುವಲ್ಲಿ
ನನ್ನದೇ ಹೆಬ್ಬೆರಳು, ಬೆಲ್ಲದಲ್ಲಿ ಒತ್ತಿದ್ದು.
ಅದರ ಗೆರೆಗಳ ಮೇಲೆ ಆಗಲೇ
ಒಂದು ಇರುವೆ, ನಿಧಾನವಾಗಿ,
ಓದುತ್ತಿರುವಂತೆ.