ಕಾಯುವ ಗಾಡಿ

ಬಂದರಿನ ಓಣಿಯಲ್ಲಿ ಇದ್ದಿನಬ್ಬರ ಅಂಗಡಿ.
ಬೋರ್ಡಿನ ಅಕ್ಷರಗಳನ್ನು ಉಪ್ಪುಗಾಳಿ ಅರ್ಧ ನೆಕ್ಕಿದೆ.
ಒಳಗೆ ಗ್ರೀಸು, ರಬ್ಬರು, ಪಕ್ಕದ ಗೋದಾಮಿನ ಒಣಮೆಣಸಿನ ಘಾಟು.
ರಿಕ್ಷಾದ ಸೀಟಿನಲ್ಲಿ ಅದನ್ನೇ ಕೂರಿಸಿ, ನಾನು ಅಂಚಿನಲ್ಲಿ ತೂಗಾಡಿಕೊಂಡು
ತಂದಿದ್ದೇನೆ, ಐವತ್ತಾರನೇ ಇಸವಿಯ
ಫಾರ್ಗೋ ಪಿಕಪ್ಪಿನ ರೇಡಿಯೇಟರು.

ಕುದ್ರೋಳಿಯ ಐಸ್ ಪ್ಲಾಂಟಿನ ಗಾಡಿ ಅದು.
ಬೆನ್ನ ಮೇಲೆ ಮಂಜುಗಡ್ಡೆ, ಮೂಗಿನಲ್ಲಿ ಹಬೆ,
ಹಾಗೆಯೇ ಮೂವತ್ತು ವರ್ಷ ಧಕ್ಕೆಗೆ ಓಡಿತು.
ಪ್ಲಾಂಟು ಮುಚ್ಚಿದಾಗ ಗುಜರಿಯ ತಕ್ಕಡಿಗೆ ಹೊರಟಿದ್ದನ್ನು
ನಾನು ಕೊಂಡೆ, ನರ್ಸರಿಯ ಗಿಡ ಸಾಗಿಸಲಿಕ್ಕೆ.
"ದಾಸವಾಳಕ್ಕೆ ಇಷ್ಟು ದೊಡ್ಡ ಮೂಗಿನ ಗಾಡಿಯಾ?"
ತಂಗಿ ಹಿಲ್ಡಾ ಇನ್ನೂ ನಗುತ್ತಿದ್ದಾಳೆ.

ಇದ್ದಿನಬ್ಬರು ಎರಡು ದಾರಿ ಹೇಳಿದರು.
ಒಂದು, ಹೊಸ ಅಲ್ಯೂಮಿನಿಯಂ: ಕಣ್ಣು ಕುಕ್ಕುತ್ತದೆ, ಎತ್ತಿದರೆ ಹಪ್ಪಳ.
ಇನ್ನೊಂದು, ನನ್ನದೇ ಹಿತ್ತಾಳೆ ಟ್ಯಾಂಕು ಉಳಿಸಿ
ನಡುವೆ ತಾಮ್ರದ ಹೊಸ ಕೊಳವೆ, ಮೂರು ಸಾಲು.
"ನಾಲ್ಕು ಬೇಕಾದರೆ ನಾಲ್ಕೂ ಹಾಕುವ.
ಫ್ಯಾನಿನ ಉಸಿರು ಅಷ್ಟು ದಪ್ಪ ದಾಟಬೇಕಲ್ಲ ಮಾರಾಯ್ತಿ.
ಗಾಡಿ ಕುದಿಯುವುದು ಎಲ್ಲಿ?"

ಏರಿನಲ್ಲಲ್ಲ. ಕದ್ರಿ ಗುಡ್ಡ ಸಲೀಸು ಹತ್ತುತ್ತದೆ.
ನಂತೂರಿನಲ್ಲಿ, ನಿಂತಲ್ಲೇ.
ಕಾಯುತ್ತಾ ಕಾಯುತ್ತಾ ಕಾಯುತ್ತದೆ.

"ಹಾಗೆ ಹೇಳಿ. ಓಡುವ ಬಿಸಿಗೆ ಮಾಡಿದ ಗಾಡಿ ಇದು.
ನಿಲ್ಲುವ ಬಿಸಿ ಇದಕ್ಕೆ ಕಲಿಸಿದವರಿಲ್ಲ."
ಮೂರು ಸಾಲೇ ಸಾಕೆಂದರು. ಆರೆಲೆಯ ಫ್ಯಾನು ಕೆಳಗಿಳಿಸಿದರು.
ಚಹಾಕ್ಕಿಟ್ಟ ನೀರಿಗೆ ಥರ್ಮೋಸ್ಟಾಟನ್ನು ಇಳಿಬಿಟ್ಟು
ಅದು ಮರುವಾಯಿಯಂತೆ ಬಾಯಿ ಬಿಡುವವರೆಗೆ
ಇಬ್ಬರೂ ಬಗ್ಗಿ ನೋಡಿದೆವು.
(ಚಹಾ ಬೇರೆ ನೀರಿನದ್ದೆಂದು ನಂಬಿ ಕುಡಿದೆ.)

ಇನ್ನು ಸಿಗ್ನಲ್.
ಆರ್‌ಟಿಒ ಚೀಟಿಯಲ್ಲಿ ಕೆಂಪು ಗೆರೆ ಬಿದ್ದದ್ದು ಅದಕ್ಕೇ.
ಗಾಡಿಗೆ ಇದ್ದ ಸಿಗ್ನಲ್ ಒಂದೇ, ಡ್ರೈವರ್ ಲೋಕಯ್ಯಣ್ಣನ ಬಲಗೈ.
ಎರಡು ಬೆರಳನ್ನು ಐಸ್ ಕ್ರಷರಿಗೆ ಕೊಟ್ಟು, ಮೂರು ಉಳಿದ ಕೈ.
ಚಾಚಿದರೆ ಬಲಕ್ಕೆ,
ಗಾಳಿಯಲ್ಲಿ ಗಂಧ ತೇಯ್ದಂತೆ ಸುತ್ತಿಸಿದರೆ ಎಡಕ್ಕೆ.
ಬುಟ್ಟಿ ಹೊತ್ತ ಮೀನಿನ ಹೆಂಗಸರು ನಂಬರು ಓದುತ್ತಿರಲಿಲ್ಲ,
ಬೆರಳು ಎಣಿಸಿ ದಾರಿ ಬಿಡುತ್ತಿದ್ದರು.

ಎಲ್‌ಇಡಿ ಉಂಟು, ಸದ್ದಿಲ್ಲ, ಸಾವಿಲ್ಲ.
ಅದರ ಪಕ್ಕ ಕಿತ್ತಳೆ ಗಾಜಿನ ಹಳೆಯ ದೀಪ, ತಂತಿಯ ಬಲ್ಬು,
ಹೆಬ್ಬೆರಳಿನಷ್ಟು ತಗಡಿನ ಡಬ್ಬಿ: ಫ್ಲಾಷರು.
ಕೆಟ್ಟ ಡಬ್ಬಿಯೊಂದನ್ನು ಸ್ಕ್ರೂಡ್ರೈವರಿನಲ್ಲಿ ಸೀಳಿ ತೋರಿಸಿದರು.
ಉಗುರಿನಷ್ಟು ಲೋಹದ ಪಟ್ಟಿ.
"ಕರೆಂಟು ಹರಿದರೆ ಕಾಯುತ್ತದೆ. ಕಾದರೆ ಬಾಗುತ್ತದೆ.
ಬಾಗಿದರೆ ಕೈ ಬಿಡುತ್ತದೆ, ದೀಪ ಆರಿತು.
ತಣಿದರೆ ಮತ್ತೆ ಮುಟ್ಟುತ್ತದೆ. ಟಿಕ್.
ಎಲ್‌ಇಡಿ ಹಾಕಿದಿರೋ, ಇದಕ್ಕೆ ಕಾಯುವಷ್ಟು ಕರೆಂಟೇ ಹರಿಯುವುದಿಲ್ಲ.
ದೀಪ ಸುಮ್ಮನೆ ಉರಿಯುತ್ತಾ ನಿಲ್ಲುತ್ತದೆ."

ಮಧ್ಯಾಹ್ನವೆಲ್ಲ ತಂಪು ಹುಡುಕಿದವಳು
ಬಿಸಿಯಿಲ್ಲದೆ ಮಿಡಿಯದ ಆ ಪಟ್ಟಿಯನ್ನು
ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿ ಕಟ್ಟಿಸಿಕೊಂಡೆ.

ಶನಿವಾರ. ಎಡಗಡೆ ಸೀಟಿನಲ್ಲಿ ಲೋಕಯ್ಯಣ್ಣ,
ಕಾಲ ಸಂದಿಯಲ್ಲಿ ಎರಡು ಅಬ್ಬಲಿಗೆ ಸಸಿ.
ನಂತೂರಿನಲ್ಲಿ ಹನ್ನೆರಡು ನಿಮಿಷ.
ಮುಳ್ಳು ಮುಕ್ಕಾಲಿಗೆ ಬಂತು, ಯೋಚಿಸಿತು, ಅಲ್ಲೇ ಕುಳಿತಿತು.
ಅವರು ಅದನ್ನು ನೋಡಲಿಲ್ಲ, ಎಂಜಿನ್ ಕೇಳುತ್ತಿದ್ದರು.

ಕುದ್ರೋಳಿಯ ತಿರುವು. ಕಡ್ಡಿ ಒತ್ತಿದೆ. ಟಿಕ್. ಟಿಕ್.
ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಮೂರು ಬೆರಳು ಎದ್ದವು,
ಕಿಟಕಿ ಹುಡುಕಿ, ಸಿಗದೆ,
ನನ್ನ ಭುಜಕ್ಕೆ ತಾಗಿ ನಿಂತವು.

ಎದುರು ರಸ್ತೆ ದಾಟುತ್ತಿದ್ದ ಮುದುಕಿ
ಬುಟ್ಟಿಗೆ ಕೈಕೊಟ್ಟು ಹಿಂದೆ ಸರಿದಳು.
ಯಾವುದನ್ನು ನೋಡಿಯೋ.