ಜೋತು ಬೀಳಾಕ

ಯಾರಿಗೂ ಜೋತು ಬೀಳಬ್ಯಾಡ ಅಂದಿದ್ದಳು ಅವ್ವ.
ದಿನಕ್ಕೆ ಮೂರು ಸಲ ಜೋತು ಬೀಳಮ್ಮ ಅಂದರು
ಗಂಗಾವತಿಯ ಎಲುಬಿನ ಡಾಕ್ಟರು,
ಹನ್ನೊಂದು ವರ್ಷ ವೇಬ್ರಿಡ್ಜಿನ ಗೂಡಲ್ಲಿ ಕೂತು
ಕೀಲು ಹಿಡಿದ ನನ್ನ ಎಡಭುಜವನ್ನು
ಹಳೇ ಅಗಸೆಬಾಗಿಲಿನಂತೆ ಕಿರ್ರೆನಿಸಿ.
ಯಾತಕ್ಕೆ ಜೋತು ಬೀಳಬೇಕು
ಅಂತ ಚೀಟಿಯಲ್ಲಿ ಬರೆದಿರಲಿಲ್ಲ.

ಮೊದಲು ತಂದದ್ದು ಬಾಗಿಲ ಚೌಕಟ್ಟಿನ ನಡುವೆ
ತಿರುವಿ ಬಿಗಿಯುವ ಸರಳು.
ನಮ್ಮದು ಬೇವಿನ ಚೌಕಟ್ಟು, ಒಳಗೆ ಗೆದ್ದಲಿನ ಸಂಸಾರ.
ನಾಲ್ಕನೇ ದಿನ ಸರಳು, ನಾನು, ಒಣಗಿದ ಮಾವಿನ ತೋರಣ
ಮೂವರೂ ಕೂಡಿ ಹೊಸ್ತಿಲ ಮೇಲೆ.
ತಂಗಿ ಶಂಕ್ರಮ್ಮ ನಕ್ಕಿದ್ದು ಓಣಿಗೆಲ್ಲ ಕೇಳಿತು.

ಗೋಡೆಗೆ ಬೋಲ್ಟು ಹಾಕಿಸೋಣವೆಂದರೆ
ಗಿಣಿಗೇರಿಯ ನಮ್ಮ ಸಾಲಿನದೆಲ್ಲ ಹಾರುಬೂದಿಯ ಇಟ್ಟಿಗೆ;
ಕ್ಯಾಲೆಂಡರಿನ ಮೊಳೆಯನ್ನೇ ಉಗುಳುವ ಗೋಡೆ
ಅರವತ್ತೆಂಟು ಕಿಲೋ ಹೆಂಗಸನ್ನು ತಡೆದೀತೆ?

ಕೊಪ್ಪಳದ ಅಂಗಡಿಯಲ್ಲಿ ಒಂದು ಸ್ಟ್ಯಾಂಡ್ ಇತ್ತು,
ಮಿರಮಿರ ಕಪ್ಪು, ನೂರೈವತ್ತು ಕಿಲೋ ತಡೀತದ ಅಂತ ಸ್ಟಿಕ್ಕರು.
ಗಡಿಗೆ ಕೊಳ್ಳುವಾಗಿನಂತೆ ಬೆರಳಲ್ಲಿ ಬಡಿದೆ,
ತಗಡಿನ ಸದ್ದು. ತುದಿ ಹಿಡಿದು ಅಲುಗಿಸಿದೆ,
ಬಾಡಿಗೆ ಪೆಂಡಾಲಿನ ಹಾಗೆ ತೂಗಿತು.
'ಸುಮ್ಮನೆ ಜೋತಾಡಿದರೆ ಏನಾಗಲ್ಲ ಮೇಡಂ' ಅಂದ ಹುಡುಗ.

ಸುಮ್ಮನೆ ಇರುವ ತೂಕ ಯಾವುದಿದೆ, ತಮ್ಮಾ?
ನನ್ನ ತಟ್ಟೆಯ ಮೇಲೆ ಅದಿರಿನ ಲಾರಿ ಗಕ್ಕನೆ ಬ್ರೇಕ್ ಹಾಕಿದರೆ
ಮೂವತ್ತು ಟನ್ನಿನ ಅಂಕಿ ಮೂವತ್ತೆರಡಕ್ಕೆ ಹಾರಿ
ನಾಚಿಕೊಂಡು ಕೆಳಗಿಳಿಯುತ್ತದೆ.
ಮೈಯೂ ಹಾಗೇ,
ನಿಂತಾಗ ಒಂದು, ಒದ್ದಾಡುವಾಗ ಇನ್ನೊಂದು.
ಒದ್ದಾಟಕ್ಕೆ ಆಗುವಂಥದ್ದು ಬೇಕಿತ್ತು ನನಗೆ.

ಕೊನೆಗೆ ರಸ್ತೆಯಾಚೆಯ ಲಾಡಸಾಬ,
ಲಾರಿಗಳ ಮುರಿದ ಬೆನ್ನು ಬೆಸೆಯುವವನು.
'ಜಿಮ್ಮಾ? ನಿನಗಾ, ಗ್ಯಾನವ್ವಾ?' ಅಂತ ಕೇಳಿ
ನಾನು ಉತ್ತರ ಹುಡುಕುವಷ್ಟರಲ್ಲಿ ಟೇಪು ತೆಗೆದಿದ್ದ.
ಕಂಬಕ್ಕೆ ಎರಡಿಂಚಿನ ಚೌಕ ಪೈಪು, ಮೂರು ಎಂಎಂ ದಪ್ಪ.
'ಎರಡು ಸಾಕು ಅಂತಾರ.
ಸಾಕು ಅನ್ನೋರ ಮಾತು ಕೇಳಬ್ಯಾಡ.'
ಪಾದ ನಾಲ್ಕು ನಾಲ್ಕು ಅಡಿ, ನೆಲ ಕಚ್ಚುವ ಹಾಗೆ.
ಮೂಲೆ ಮೂಲೆಗೆ ತ್ರಿಕೋನದ ತಗಡು.
ಮೇಲಿನ ಸರಳಿಗೆ ನಾಲ್ಕು ತುಂಡು ಮುಂದಿಟ್ಟು
ಕಣ್ಣು ಮುಚ್ಚಿ ಹಿಡಿ ಅಂದ;
ಹೆಬ್ಬೆರಳು ನಡುಬೆರಳನ್ನು ಹತ್ತಿ ಕೂತದ್ದು ನನ್ನದು.
ಡಿಪ್ಸ್‌ನ ಜೋಡಿ ಸರಳುಗಳ ನಡುವೆ ಎಷ್ಟು?
ಟೇಪು ಜೇಬಿಗಿಟ್ಟು ನನ್ನ ಮೊಳವನ್ನೇ ಹಿಡಿಸಿದ,
ಮೊಣಕೈಯಿಂದ ಬೆರಳ ತುದಿ, ಮೇಲೆ ನಾಲ್ಕು ಬೆರಳು.
ಹಿಡಿಯುವಲ್ಲಿ ಬಣ್ಣ ಬೇಡ ಎಂದೆ, ಜಾರುತ್ತದೆ.
'ಜಂಗು ಹಿಡೀತದ.'
ಹಿಡೀಲಿ. ಈ ಊರಲ್ಲಿ ಯಾತಕ್ಕೆ ಹಿಡಿದಿಲ್ಲ?

ದುಡ್ಡು ಕಿಲೋ ಲೆಕ್ಕ. ತೂಗುವವಳು ನಾನೇ.
ರಾತ್ರಿ ಪಾಳಿ, ಲಾರಿ ಇಲ್ಲದ ಹೊತ್ತು,
ಅವನೂ ಗಾಳೆಪ್ಪನೂ ಹೊತ್ತು ತಂದು ತಟ್ಟೆಯ ಮೇಲೆ ನಿಲ್ಲಿಸಿದರು.
ಹತ್ತತ್ತರ ಹೆಜ್ಜೆ ಬಿಟ್ಟು ಎಣಿಸಲು ಬಾರದ ಯಂತ್ರ
ಅರವತ್ತು ಅಂದಿತು.
'ಅರವತ್ನಾಲ್ಕು ಐತಿ, ತೂಗಿಸೇ ಕೊಂಡೀನಿ' ಅಂದ ಲಾಡಸಾಬ.
ಯಂತ್ರದ ಮಾತು ಹಿಡಿದು ವಾದಿಸಬಹುದಿತ್ತು.
ಅರವತ್ನಾಲ್ಕಕ್ಕೇ ಎಣಿಸಿ ಕೊಟ್ಟೆ.

ಅವರು ಚಹಾಕ್ಕೆ ಹೋದರು.
ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಜೋತು ಬಿದ್ದೆ.
ಕಬ್ಬಿಣ ತುಟಿಪಿಟಕ್ಕೆನ್ನಲಿಲ್ಲ.
ಗಾಜಿನಾಚೆ ಕೆಂಪು ಅಂಕಿ ನೂರಾ ಮೂವತ್ತು.
ಹಲ್ಲು ಕಚ್ಚಿ ಮೇಲಕ್ಕೆಳೆದೆ.
ಗದ್ದ ಎಲ್ಲಿ, ಸರಳು ಎಲ್ಲಿ!
ಮೊಣಕೈ ಒಂದು ಗೇಣು ಮಡಚಿತೋ ಇಲ್ಲವೋ,
ಅಂಕಿ ನೂರಾ ನಲವತ್ತಕ್ಕೆ ಹಾರಿ
ತಿರುಗಿ ಬಂತು.

ಕಂಡದ್ದು ನಾನೊಬ್ಬಳೇ.
ಆ ಹತ್ತಕ್ಕೆ ಚೀಟಿ ಹರಿಯಲು ಬರುವುದಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಲಾರಿಯ ಹಾರ್ನು.
ಸ್ಟ್ಯಾಂಡು ಸರಿಸಲು ಹೋದೆ, ಒಬ್ಬಳಿಗೆ ಜಗ್ಗಲಿಲ್ಲ.
ಡ್ರೈವರೇ ಇಳಿದು ಬಂದು ಒಂದು ಕೈ ಹಾಕಿದ,
ಇನ್ನೊಂದೂ ಹಾಕಿದ,
'ಯಾತಕ್ಕಕ್ಕಾ ಇದು, ಇಷ್ಟು ಭಾರ?'
ಜೋತು ಬೀಳಾಕ, ಅಂದೆ.