ನಿಲ್ಲಿಸಿದರೆ ನಿಲ್ಲುವಂಥದ್ದು

ಗೌರಿಬಿದನೂರಿನ ಬಸ್ ಸ್ಟ್ಯಾಂಡಿನ ಹಿಂದೆ
ಅಮಾನುಲ್ಲಾ ಸಾಬರ ಅಂಗಡಿ.
ಮುಂದುಗಡೆ ಹೊಸವು, ಪ್ಲಾಸ್ಟಿಕ್ ಹೊದ್ದು ಕೂತವು,
ಒಳಗೆ ಹಳೆಯವು, ಹೆಗಲ ಮೇಲಿನ ಚಿನ್ನದ ಬಳ್ಳಿ ಮಾಸಿದವು.
ತಂಗಿಯ ಮಗಳು ಪುಣ್ಯಶ್ರೀಗೆ ಹನ್ನೊಂದು.
ಹೊಲಿಗೆ ಮಿಷನ್ನು ಬೇಕಂತೆ.
ಆರಿಸುವುದಕ್ಕೆ ನಾನಂತೆ. ಮನೆಯಲ್ಲಿ
ಹೊಲಿಗೆ ಗೊತ್ತಿರುವವಳು ನಾನೊಬ್ಬಳೇ ಅಂತೆ.

ಗೊತ್ತಿರುವುದೇನು, ಹೇಳಿಬಿಡುತ್ತೇನೆ.
ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ
ಎಡಗೈ ಕಫ್ಫು ಹೊಲಿದೆ.
ಗಂಟೆಗೆ ತೊಂಬತ್ತು.
ಬಲಗೈಯದು ಪಕ್ಕದ ಸಾಲಿನ ಮುನಿರತ್ನಮ್ಮನದು.
ಒಂದೇ ಅಂಗಿಯ ಎರಡು ತೋಳು ನಾವು,
ಊಟದ ಬೆಲ್ಲು ಹೊಡೆಯುವ ತನಕ ಮಾತಿಲ್ಲ.
ಇಡೀ ಒಂದು ಅಂಗಿ,
ಕತ್ತರಿಯಿಂದ ಹಿಡಿದು ಗುಂಡಿಯವರೆಗೆ,
ಈ ಕೈಯಿಂದ ಎದ್ದು ನಿಂತದ್ದಿಲ್ಲ.
ಅದನ್ನು ಯಾರಿಗೂ ಹೇಳಿರಲಿಲ್ಲ.

ಸಾಬರು ಮೊದಲು ತೋರಿಸಿದ್ದು ಕರೆಂಟಿನದು.
ಬಿಳಿ ಮೈ, ಇಪ್ಪತ್ತೊಂದು ಬಗೆ ಹೊಲಿಗೆ,
ಒಂದರಲ್ಲಿ ಬಾತುಕೋಳಿಗಳು ಸಾಲಾಗಿ ನಡೆಯುತ್ತವೆ.
ಹುಡುಗಿಯ ಕಣ್ಣು ಅವುಗಳ ಹಿಂದೆಯೇ ಹೊರಟಿತು.
ನಾನು ಮೈ ಬಡಿದು ನೋಡಿದೆ,
ಖಾಲಿ ಡಬ್ಬಿಯ ಸದ್ದು.

ಆಮೇಲೆ, ಅಭ್ಯಾಸಬಲ, ನಾನೇ ಕೇಳಿದೆ:
"ಸ್ಪೀಡ್ ಎಷ್ಟು ಬರುತ್ತೆ ಸಾಬರೇ?"
ಮೂಲೆಯಲ್ಲಿ ಫ್ಯಾಕ್ಟರಿಯದೊಂದಿತ್ತು, ಬಾಗಿಲು ಹಾಕಿದ ಯೂನಿಟ್ಟಿನದು.
ಕೈ ನನ್ನನ್ನು ಕೇಳದೆ ಅದರ ಬೆನ್ನ ಮೇಲೆ ಹೋಯಿತು,
ಮಾರಿದ ಎಮ್ಮೆಯನ್ನು ಸಂತೆಯಲ್ಲಿ ಕಂಡ ಹಾಗೆ.

ಸಾಬರು ನೋಡಿಯೂ ನೋಡದಂತೆ,
"ಅಕ್ಕಾ, ಮಗೂಗೆ ಓಡೋದು ಬೇಡ, ನಿಲ್ಲೋದು ಬೇಕು.
ನಿಲ್ಲು ಅಂದಾಗ ನಿಲ್ಲಬೇಕು. ಅಷ್ಟು ನೋಡಿ ಸಾಕು."

ನನ್ನ ಎಡಗೈ ತೋರುಬೆರಳ ಉಗುರಿನಲ್ಲಿ
ಒಂದು ಬಿಳಿ ಗೆರೆ ಇದೆ.
ಶಿಪ್‌ಮೆಂಟಿನ ವಾರ. ಪಾದ ತೆಗೆದಿದ್ದೆ,
ಅದು ಇನ್ನೂ ಮೂರು ಹೊಲಿಗೆ ಹಾಕಿ ನಿಂತಿತು.
ಸೂಪರ್‌ವೈಸರ್ ಓಡಿ ಬಂದು ಮೊದಲು ಬಟ್ಟೆ ನೋಡಿದ,
ರಕ್ತ ತಾಗಿತೇನೋ ಅಂತ.

ಒಳಗಿನಿಂದ ಎಳೆದು ತಂದರು ತುಳಿಯುವುದೊಂದು,
ಕಪ್ಪು, ಭಾರ, ಕಬ್ಬಿಣದ ಕಾಲು.
ಯಾರೋ ಇದರ ಜೊತೆ ಬಾಳಿದ್ದರು:
ಹಲಗೆಯ ಅಂಚಿಗೆ ಬ್ಲೇಡಿನಿಂದ ಗೀರಿದ ಇಂಚುಗಳು,
ಡ್ರಾಯರಿನಲ್ಲಿ ಮೂರು ಬಾಬಿನ್ನು,
ಒಂದರಲ್ಲಿ ಇನ್ನೂ ಅರಿಶಿನ ಬಣ್ಣದ ನೂಲು.
ನಾಲ್ಕೂವರೆ ಸಾವಿರ. ಎಣ್ಣೆ ಡಬ್ಬಿ ಮೇಲೆ.

ನಾನು ಕೂತೆ, ತೋರಿಸೋಣ ಅಂತ.
ಒತ್ತಿದೆ. ಗಾಲಿ ಹಿಂದಕ್ಕೆ ತಿರುಗಿ ನೂಲು ಕಡಿಯಿತು.
ಮತ್ತೆ ಒತ್ತಿದೆ. ಮತ್ತೆ ಹಿಂದಕ್ಕೆ.
ಹದಿನಾಲ್ಕು ವರ್ಷದ ಪಾದಕ್ಕೆ
ಒತ್ತುವುದೊಂದು ಗೊತ್ತು,
ತೂಗುವುದು ಗೊತ್ತಿಲ್ಲ.
"ದೊಡ್ಡಮ್ಮಾ, ನಿನಗೆ ಬರಲ್ವಾ?"
"ಬರಲ್ಲ ಕಣೇ" ಅಂದೆ.
ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಅವಳು ಕೂತಳು. ಸ್ಟೂಲಿನ ತುದಿಗೆ ಜಾರಿದರೆ
ಕಾಲು ಎಟಕುತ್ತಿತ್ತು. ಸಾಬರು ನೂಲು ಬಿಚ್ಚಿ,
ನೋಟ್‌ಬುಕ್ಕಿನ ಗೆರೆ ಹಾಳೆಯೊಂದನ್ನು ಸೂಜಿಯ ಕೆಳಗಿಟ್ಟರು.
"ಮೆಲ್ಲಗ ತಲ್ಲೀ, ಮೆಲ್ಲಗ."
ಮಕ್ಕಳ ಹತ್ತಿರ ಈ ಕಡೆ ನಮಗೆಲ್ಲ ತೆಲುಗೇ ಬರುವುದು.
ಗಾಲಿಗೆ ಕೈ ಕೊಟ್ಟಳು. ಮುಂದಕ್ಕೇ ತಿರುಗಿತು.
ಟಕ್. ಟಕ್. ಗೆರೆ ಬಿಟ್ಟು ಆಚೆ ಅಲೆದು
ಮತ್ತೆ ಗೆರೆಗೆ.
ಅಂಗೈ ಇಟ್ಟಳು. ನಿಂತಿತು.
ಇನ್ನೊಮ್ಮೆ ಓಡಿಸಿ, ಇನ್ನೊಮ್ಮೆ. ನಿಂತಿತು.
ನಿಲ್ಲಿಸುವುದೇ ಆಟವಾಯಿತು ಅವಳಿಗೆ.
ಬಾತುಕೋಳಿಯ ಸುದ್ದಿ ಎತ್ತಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಮಿಷನ್ನಿಗೂ ಟಿಕೆಟ್ಟು ಹರಿದ.
"ಮೊದಲು ಏನು ಹೊಲಿಯೋಣ?" ಅಂದಳು.
"ಬಲಗೈ ಕಫ್ಫು" ಅಂದೆ.
ಯಾಕೆ ಅಂತ ಕೇಳಲಿಲ್ಲ.
ಹಾಳೆಯನ್ನು ಮುಖಕ್ಕೆ ಹಿಡಿದು,
ಒಂದು ಕಣ್ಣು ಮುಚ್ಚಿ,
ಸೂಜಿ ಬಿಟ್ಟ ತೂತಿನಿಂದ
ಮಂಚೇನಹಳ್ಳಿ ನೋಡುತ್ತಿದ್ದಳು.